ಟೆಟ್ರಾಜಿನಿ: ಸಾಸು ತೆಳ್ಳಗಿದ್ದರೇ ಚೆನ್ನ

ಇವತ್ತಿನ ಮಾತು ಒಂದೇ ಒಂದು ಅಡುಗೆಯ ಬಗ್ಗೆ, ಚಿಕನ್ ಟೆಟ್ರಾಜಿನಿ. ಬೇಯಿಸಿದ ಕೋಳಿ ಅಥವಾ ಟರ್ಕಿ ಕೋಳಿಯ ಮಾಂಸ, ಅಣಬೆ, ಸ್ಪಗೆಟಿ, ಬೆಣ್ಣೆ ಮೈದಾ ಹಾಲಿನ ಬಿಳಿ ಸಾಸು, ಸ್ವಲ್ಪ ಶೆರ್ರಿ ವೈನು, ಮೇಲೆ ಚೀಸು ಮತ್ತು ಬ್ರೆಡ್ ಪುಡಿ. ಎಲ್ಲ ಕಲಸಿ ಅಗಲ ಬಟ್ಟಲಿಗೆ ಸುರಿದು ಅರ್ಧ ಗಂಟೆ ಓವನ್‌ನಲ್ಲಿಟ್ಟರೆ ಆಯಿತು. ನಿಮ್ಮಲ್ಲಿ ಕೆಲವರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ತಿಂದಿರಬಹುದು. ಅಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಹಬ್ಬ ಮುಗಿದ ಮೇಲೆ ಉಳಿದ ಟರ್ಕಿ ಮಾಂಸಕ್ಕೆ ದಾರಿ ತೋರಿಸಲು ಎಷ್ಟೋ ಮನೆಗಳಲ್ಲಿ ಇದನ್ನೇ ಮಾಡುತ್ತಾರೆ.

ತಿಂದವರಲ್ಲಿ ಅರ್ಧ ಜನ "ಪರವಾಗಿಲ್ಲ, ಆದರೆ ಅಂಟಂಟು, ಗಂಟಲಲ್ಲಿ ಇಳಿಯಲ್ಲ" ಅಂದಿರುತ್ತೀರಿ. ಆ ದೂರಿನಲ್ಲಿ ಸತ್ಯವಿದೆ. ಅದು ಅಡುಗೆಯ ತಪ್ಪಲ್ಲ, ಸಾಸು ಮಾಡಿದವರದು. ಅದಕ್ಕೇ ನಾನು ಹೆಚ್ಚು ಹೊತ್ತು ಸಾಸಿನ ಮೇಲೆ ನಿಲ್ಲುತ್ತೇನೆ. ಅದಕ್ಕೂ ಮೊದಲು ಹೆಸರಿನ ಕಥೆ ಸ್ವಲ್ಪ, ಯಾಕೆಂದರೆ ಆ ಕಥೆಯಲ್ಲಿ ಒಂದು ಒಳ್ಳೆ ಜಗಳವಿದೆ.

ಲೂಯಿಸಾ ಟೆಟ್ರಾಜಿನಿ ಇಟಲಿಯ ಒಪೆರಾ ಗಾಯಕಿ. 1871ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದವರು, 1940ರಲ್ಲಿ ಮಿಲಾನಿನಲ್ಲಿ ತೀರಿಕೊಂಡರು. ತಾರಸ್ಥಾಯಿಯಲ್ಲಿ ಬಿರುಸಾಗಿ ಓಡುವ ಕಂಠಕ್ಕೆ ಹೆಸರಾಗಿದ್ದರು. 1905ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಿವೊಲಿ ಒಪೆರಾ ಹೌಸಿನಲ್ಲಿ ಹಾಡಿ ಆ ಊರನ್ನು ಗೆದ್ದರು. 1907ರ ನವೆಂಬರಿನಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾ ಹೌಸ್, 1908ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಒಪೆರಾ ಹೌಸ್. ಆ ಎರಡೂ ಊರುಗಳಲ್ಲಿ ಜನ ಹುಚ್ಚೆದ್ದರು. ನ್ಯೂಯಾರ್ಕಿಗೆ ಕರೆಸಿದ್ದ, ಆ ಒಪೆರಾ ಹೌಸಿನ ಒಡೆಯ ಆಸ್ಕರ್ ಹ್ಯಾಮರ್‌ಸ್ಟೈನ್ ಜೊತೆ ಆಮೇಲೆ ಕರಾರಿನ ವಿಚಾರಕ್ಕೆ ವ್ಯಾಜ್ಯವಾಯಿತು. ಬೇರೆಯವರ ಪರವಾಗಿ ಹಾಡಕೂಡದು ಎಂದು ಅವರು ತಡೆಯೊಡ್ಡಿದಾಗ, ಹಾಗಾದರೆ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಹಾಡುತ್ತೇನೆ ಎಂದು ಈಕೆ ಸವಾಲು ಹಾಕಿದರು. ಹಾಕಿದಂತೆ ನಡೆಸಿಯೂ ಬಿಟ್ಟರು. 1910ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ಸಂಜೆ, ಮಾರ್ಕೆಟ್ ಸ್ಟ್ರೀಟಿನ ಲೋಟಾಸ್ ಫೌಂಟನ್ ಎದುರು ಕಟ್ಟಿದ ಅಟ್ಟದ ಮೇಲೆ ನಿಂತು, ಮೈಕು ಇಲ್ಲದ ಕಾಲದಲ್ಲಿ, ಬಯಲಲ್ಲಿ ಹಾಡಿದರು. ಸೇರಿದ್ದ ಜನ ಎರಡು ಲಕ್ಷಕ್ಕೂ ಮೇಲೆ ಎಂದು ಅಂದಾಜು. ನಾಲ್ಕು ವರ್ಷದ ಹಿಂದೆ ಭೂಕಂಪ ಮತ್ತು ಬೆಂಕಿಗೆ ಊರಿಗೆ ಊರೇ ಹೋಗಿತ್ತು. ಆಗ ಕಳೆದುಹೋದ ಮನೆಯವರನ್ನು ಹುಡುಕಿಕೊಂಡು ಜನ ಬಂದು ಸೇರುತ್ತಿದ್ದುದು ಇದೇ ಕಾರಂಜಿಯ ಬುಡಕ್ಕೆ.

ಕಾರಂಜಿಯಿಂದ ಒಂದಿಷ್ಟು ಹೆಜ್ಜೆ ನಡೆದರೆ ಪ್ಯಾಲೇಸ್ ಹೋಟೆಲು. ಟೆಟ್ರಾಜಿನಿ ಹುಟ್ಟಿದ್ದು ನಮ್ಮ ಅಡುಗೆಮನೆಯಲ್ಲೇ, ಮಾಡಿದವರು ನಮ್ಮ ಬಾಣಸಿಗ ಅರ್ನೆಸ್ಟ್ ಆರ್ಬೋಗಾಸ್ಟ್ ಎಂಬುದು ಆ ಕಡೆಯವರ ಮಾತು. ಹುಟ್ಟಿದ ಕಾಲ 1908ರಿಂದ 1910ರ ನಡುವೆ ಎಂದು ಹೇಳುತ್ತಾರೆ. ಇಲ್ಲೇ ಲೆಕ್ಕ ತಪ್ಪುವುದು. 1906ರ ಬೆಂಕಿಯಲ್ಲಿ ಪ್ಯಾಲೇಸ್ ಸುಟ್ಟುಹೋಯಿತು, ಹೊಸ ಕಟ್ಟಡ ತೆರೆದದ್ದು 1909ರ ಡಿಸೆಂಬರಿನಲ್ಲಿ. ಆದರೆ ಗುಡ್ ಹೌಸ್‌ಕೀಪಿಂಗ್ ಪತ್ರಿಕೆಯ 1908ರ ಅಕ್ಟೋಬರ್ ಸಂಚಿಕೆಯಲ್ಲೇ ಟರ್ಕಿ ಟೆಟ್ರಾಜಿನಿಯ ಮಾತು ಬರುತ್ತದೆ, ಅದೂ ನ್ಯೂಯಾರ್ಕಿನ 42ನೇ ಬೀದಿಯ ರೆಸ್ಟೊರೆಂಟಿನ ತಿಂಡಿ ಎಂದು. ಆ ಬೀದಿಯಲ್ಲಿ 1906ರಲ್ಲಿ ತೆರೆದ ನಿಕರ್‌ಬಾಕರ್ ಹೋಟೆಲಿತ್ತು. ಹಾಗಾಗಿ ಇನ್ನೊಂದು ಪಕ್ಷದವರು ಕೀರ್ತಿಯನ್ನು ಅದಕ್ಕೆ ಕೊಡುತ್ತಾರೆ. ಇಲ್ಲ, 1905ರಲ್ಲೇ, ಸುಡುವ ಮೊದಲಿನ ಪ್ಯಾಲೇಸಿನಲ್ಲೇ ಹುಟ್ಟಿತು ಎಂದು ವಾದಿಸಬಹುದು. ಆ ವಾದಕ್ಕೆ ಅಡ್ಡಿಯಿಲ್ಲ, ಕೈಗೆ ದಾಖಲೆ ಬೇಕಷ್ಟೇ. ನನ್ನ ಒಲವು ನ್ಯೂಯಾರ್ಕಿನ ಕಡೆಗೆ. ಅಚ್ಚಾದ ಮಾತು ಆ ಊರಿನದು, ಮತ್ತು ಆಕೆ ಆ ಊರಿನ ಬಾಯಲ್ಲೆಲ್ಲ ಇದ್ದದ್ದೂ ಅದೇ 1908ರಲ್ಲಿ.

ಗಾಯಕಿಯರ ಹೆಸರನ್ನು ತಟ್ಟೆಗೆ ಇಡುವುದು ಆ ಕಾಲದ ಹೋಟೆಲುಗಳ ಚಾಳಿ. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಬಾಣಸಿಗ ಎಸ್ಕಾಫಿಯೆ ಐಸ್‌ಕ್ರೀಮಿನ ಜೊತೆಗಿಟ್ಟ ಪೀಚ್ ಹಣ್ಣಿಗೆ ಮೆಲ್ಬಾ ಎಂದು ಹೆಸರಿಟ್ಟದ್ದು ನೆಲಿ ಮೆಲ್ಬಾ ಅವರಿಗಾಗಿ. ಕೋವೆಂಟ್ ಗಾರ್ಡನ್ನಿನಲ್ಲಿ ಆ ಮೆಲ್ಬಾಗೂ ಈ ಟೆಟ್ರಾಜಿನಿಗೂ ಆಗಿಬರುತ್ತಿರಲಿಲ್ಲ. ಒಬ್ಬರಿಗೆ ಐಸ್‌ಕ್ರೀಮು ಸಿಕ್ಕಿತು, ಇನ್ನೊಬ್ಬರಿಗೆ ನೂಡಲ್ಸು. ಯಾರಿಗೆ ಲಾಭವಾಯಿತು ಎಂದು ನೀವೇ ಹೇಳಿ. ಪ್ಯಾಲೇಸ್ ಹೋಟೆಲೂ ಸುಮ್ಮನಿರಲಿಲ್ಲ. 1923ರಲ್ಲಿ ನಟ ಜಾರ್ಜ್ ಆರ್ಲಿಸ್ ಅವರ ನಾಟಕದ ಹೆಸರನ್ನೇ ಹೊತ್ತ ಗ್ರೀನ್ ಗಾಡೆಸ್ ಎಂಬ ಸೊಪ್ಪಿನ ಸಾಸು ಅಲ್ಲಿಂದಲೇ ಹೊರಟಿತು.

ಇನ್ನೊಂದು ವರ್ಷ ನೆನಪಿಡಿ, 1934. ಕ್ಯಾಂಪ್‌ಬೆಲ್ ಕಂಪನಿ ಅಣಬೆಯ ಕ್ರೀಮ್ ಸೂಪನ್ನು ಡಬ್ಬಿಯಲ್ಲಿ ಮಾರಾಟಕ್ಕೆ ತಂದ ವರ್ಷ. ಆಮೇಲೆ ಸಾಸು ಮಾಡುವ ಕೆಲಸವೇ ತಪ್ಪಿತು. ಡಬ್ಬಿ ತೆರೆ, ನೂಡಲ್ಸಿಗೆ ಸುರಿ, ಓವನ್‌ಗಿಡು. ಟ್ಯೂನಾ ಮೀನಿನ ನೂಡಲ್ಸ್ ಕ್ಯಾಸರೋಲ್ ಮನೆಮಾತಾದದ್ದು ಹೀಗೆ. ಟೆಟ್ರಾಜಿನಿಯೂ ಅದೇ ಡಬ್ಬಿಗೆ ಬಿತ್ತು. ಡಬ್ಬಿಯ ಸೂಪು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದು ಪಿಷ್ಟ ತುಂಬಿ ಗಟ್ಟಿಮಾಡಿದ, ಉಪ್ಪು ಮುಂದಾಗಿರುವ ಸರಕು. ನೂಡಲ್ಸು ಅದರೊಳಗಿನ ನೀರನ್ನು ಎಳೆದುಕೊಂಡು ಅಂಟನ್ನು ಹೊರಗೆ ಬಿಡುತ್ತದೆ. ನೀವು ದೂರಿದ್ದು ಈ ಟೆಟ್ರಾಜಿನಿಯನ್ನೇ.

ಈಗ ಒಲೆಯ ಹತ್ತಿರ ಹೋಗೋಣ. ಆರು ಜನರ ಲೆಕ್ಕ ಕೊಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಸ್ಪಗೆಟಿ 250 ಗ್ರಾಂ. ಮೂಳೆಯಿರುವ ಕೋಳಿ 1 ಕಿಲೋ, ಬೆಂದು ಬಿಡಿಸಿದ ಮೇಲೆ ಮಾಂಸ 400 ಗ್ರಾಮಿನ ಆಸುಪಾಸು ಸಿಗುತ್ತದೆ. ಬಟನ್ ಅಣಬೆ 250 ಗ್ರಾಂ. ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಅದರಲ್ಲಿ 50 ಸಾಸಿಗೆ, 30 ಅಣಬೆಗೆ, 20 ಮೇಲಿನ ಪುಡಿಗೆ. ಮೈದಾ 50 ಗ್ರಾಂ. ಕೋಳಿ ಬೇಯಿಸಿದ ನೀರು 500 ಎಂ.ಎಲ್., ಹಾಲು 300, ಕ್ರೀಮು 150. ಶೆರ್ರಿ ಮೂರು ದೊಡ್ಡ ಚಮಚ. ತುರಿದ ಪಾರ್ಮಜಾನ್ ಚೀಸು 80 ಗ್ರಾಂ, ಬ್ರೆಡ್ ಪುಡಿ 40 ಗ್ರಾಂ, ಸೀಳಿದ ಬಾದಾಮಿ 25 ಗ್ರಾಂ. ಬಿಳಿ ಮೆಣಸು ಅಥವಾ ಕರಿಮೆಣಸು, ತುರಿದ ಜಾಯಿಕಾಯಿ ಎರಡು ಚಿಟಿಕೆ. ಬಟ್ಟಲು 9 ಇಂಚು 13 ಇಂಚಿನದು. ನಮ್ಮ ಕಡೆಯ ಸಣ್ಣ ಓಟಿಜಿ ಓವನ್‌ನಲ್ಲಿ ಇಷ್ಟು ಅಗಲದ್ದು ಹಿಡಿಸುವುದಿಲ್ಲ. ಆಗ ಎಲ್ಲವನ್ನೂ ಅರ್ಧ ಮಾಡಿ 8 ಇಂಚಿನ ಚೌಕ ಬಟ್ಟಲು ಬಳಸಿ. ಒಂದೇ ಆಳದ ಬಟ್ಟಲಿಗೆ ಎಲ್ಲ ತುರುಕಬೇಡಿ. ನಡುವೆ ಬಿಸಿಯಾಗುವಷ್ಟರಲ್ಲಿ ಅಂಚು ಒಣಗಿಹೋಗಿರುತ್ತದೆ.

ಕೋಳಿ ಮೊದಲು. ಅಂಗಡಿಯಲ್ಲಿ ಸಾರಿಗೆ ಹಾಕುವ ಹಾಗೆ ಸಣ್ಣಗೆ ಕೊಚ್ಚಿಸಬೇಡಿ, ಮೂಳೆ ಚೂರು ಸಾಸಿನಲ್ಲಿ ಸಿಗುತ್ತದೆ. ಕಾಲು, ತೊಡೆ, ಎದೆ ಬೇರೆ ಬೇರೆಯಾಗಿ ದೊಡ್ಡ ತುಂಡುಗಳಾಗಿರಲಿ. ಒಂದೂವರೆ ಲೀಟರ್ ನೀರು, ಅರ್ಧ ಈರುಳ್ಳಿ, ಒಂದು ಕ್ಯಾರೆಟ್, ಒಂದು ಬಿರಿಯಾನಿ ಎಲೆ, ಹತ್ತು ಕಾಳು ಮೆಣಸು, ಒಂದು ಚಮಚ ಉಪ್ಪು. ಶುಂಠಿ ಬೆಳ್ಳುಳ್ಳಿ ಪೇಸ್ಟೂ ಬೇಡ, ಅರಿಸಿನವೂ ಬೇಡ. ಹಾಕಿದರೆ ಈ ನೀರು ಬೇರೆ ಅಡುಗೆಯ ನೀರಾಗುತ್ತದೆ. ಕುದಿ ಬಂದ ಕೂಡಲೇ ಉರಿ ತಗ್ಗಿಸಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟರಲ್ಲಿ ಮೂವತ್ತೈದು ನಿಮಿಷ ಇಡಿ. ಎದೆಯ ತುಂಡು ಬೇಗ ಬೇಯುತ್ತದೆ, ಇಪ್ಪತ್ತು ನಿಮಿಷಕ್ಕೆ ನೋಡಿ ತೆಗೆದುಬಿಡಿ. ಥರ್ಮಾಮೀಟರ್ ಇದ್ದರೆ ದಪ್ಪ ಭಾಗದಲ್ಲಿ 74 ಡಿಗ್ರಿ ಬಂದಿರಬೇಕು. ಕುಕ್ಕರಿನಲ್ಲಿ ಮಾಡಬಹುದೇ ಎಂದು ಕೇಳುವವರು ಇರುತ್ತೀರಿ. ನೀರು ಚೆನ್ನಾಗಿ ಬರುತ್ತದೆ, ಮಾಂಸ ನಾರಾಗುತ್ತದೆ. ಅದು ಇನ್ನೊಮ್ಮೆ ಓವನ್‌ಗೆ ಹೋಗಬೇಕಲ್ಲ, ಮೊದಲೇ ನಾರಾದರೆ ಎರಡನೇ ಸಲ ಹತ್ತಿಯಾಗುತ್ತದೆ. ಮಾಂಸ ಬಿಡಿಸಿಕೊಂಡು, ಮೂಳೆಗಳನ್ನು ಮತ್ತೆ ಅದೇ ನೀರಿಗೆ ಹಾಕಿ 600 ಎಂ.ಎಲ್.ಗೆ ಇಳಿಸಿ, ಸೋಸಿ. ಸಾಸಿಗೆ 500 ಸಾಕು, ಮಿಕ್ಕ 100 ಎಸೆಯಬೇಡಿ, ಕೊನೆಯಲ್ಲಿ ಬೇಕಾಗುತ್ತದೆ. ಮಾಂಸ ತೀರಾ ಎಳೆ ಎಳೆ ಮಾಡಬೇಡಿ, ಎರಡು ಬೆರಳು ಅಗಲದ ತುಂಡಿರಲಿ.

ಟರ್ಕಿ ಉಳಿದಿದ್ದರೆ ಕೆಲಸ ಇನ್ನೂ ಸುಲಭ. ಬೇಯಿಸಿದ ಟರ್ಕಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಅಷ್ಟರೊಳಗೆ ಮುಗಿಸಿ. ಮೂಳೆಗೂಡಿನಿಂದಲೇ ನೀರು ತೆಗೆಯಿರಿ. ಅದರ ಎದೆ ಮಾಂಸ ಮೊದಲೇ ಒಣಕಲು, ಎಳೆಗೆ ಅಡ್ಡವಾಗಿ ಕತ್ತರಿಸಿದರೆ ಬಾಯಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಅಣಬೆಯಲ್ಲಿ ಎಡವುವವರೇ ಹೆಚ್ಚು. ಅಣಬೆಯ ಮೈತುಂಬ ನೀರು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಅಗಲ ಬಾಣಲೆಯಲ್ಲಿ ಬೆಣ್ಣೆ ಹಾಕಿ ಜೋರು ಉರಿಯಲ್ಲಿ, ಒಂದರ ಮೇಲೊಂದು ಬೀಳದ ಹಾಗೆ ಎರಡು ಸರದಿಯಲ್ಲಿ ಹುರಿಯಿರಿ. ಮೊದಲು ನೀರು ಬಿಡುತ್ತದೆ. ಆ ನೀರು ಇಂಗುವವರೆಗೆ ಸಪ್ಪೆ ವಾಸನೆ. ಇಂಗಿದ ಮೇಲೆ ಚಟಪಟ ಸದ್ದು ಬದಲಾಗಿ ಅಂಚು ಕಂದು ತಿರುಗುತ್ತದೆ, ಅಲ್ಲಿಂದ ಅಣಬೆಗೆ ರುಚಿ. ಎಂಟು ಹತ್ತು ನಿಮಿಷ ಬೇಕೇ ಬೇಕು. ಉಪ್ಪು ಕೊನೆಗೆ. ನೀರಿರುವಾಗಲೇ ಇಳಿಸಿದರೆ ಆ ನೀರೆಲ್ಲ ಓವನ್‌ನಲ್ಲಿ ಹೊರಬರುತ್ತದೆ, ಸಾಸು ಬೂದಿ ಬಣ್ಣಕ್ಕೆ ತಿರುಗಿ ಬಟ್ಟಲ ತಳದಲ್ಲಿ ನೀರು ನಿಲ್ಲುತ್ತದೆ. ಎರಡನೇ ಸರದಿ ಮುಗಿದಾಗ ಎಲ್ಲವನ್ನೂ ಸೇರಿಸಿ ಶೆರ್ರಿ ಹಾಕಿ, ತಳ ಕೆರೆದು, ಒದ್ದೆ ಹೋಗುವವರೆಗೆ ಇಟ್ಟು ಇಳಿಸಿ.

ಶೆರ್ರಿ ಎಂದರೆ ಸ್ಪೇನಿನ ಹೆರೆಸ್ ಪ್ರದೇಶದ ವೈನು. ಸಿಹಿಯಲ್ಲದ್ದು ಬೇಕು, ಫಿನೋ ಅಥವಾ ಅಮೊಂಟಿಲ್ಯಾಡೊ. ಅಮೆರಿಕದಲ್ಲಿರುವವರಿಗೆ ಒಂದು ಎಚ್ಚರಿಕೆ: ದಿನಸಿ ಅಂಗಡಿಯಲ್ಲಿ ಸಿಗುವ ಕುಕಿಂಗ್ ಶೆರ್ರಿಗೆ ಉಪ್ಪು ಬೆರೆಸಿರುತ್ತಾರೆ, ಅದನ್ನು ತರಬೇಡಿ. ಬೆಂಗಳೂರಿನಲ್ಲಿ ಶೆರ್ರಿ ಹುಡುಕುವುದಕ್ಕಿಂತ ಡ್ರೈ ವೈಟ್ ವೈನ್ ಕೊಳ್ಳುವುದು ವಾಸಿ. ಮದ್ಯ ಬೇಡ ಎನ್ನುವ ಮನೆಯವರು ಬಿಟ್ಟುಬಿಡಿ, ಆದರೆ ಹುಳಿಯನ್ನು ಬಿಡಬೇಡಿ. ಸಾಸು ಇಳಿಸಿದ ಮೇಲೆ ಎರಡು ಸಣ್ಣ ಚಮಚ ನಿಂಬೆರಸ ಹಿಂಡಿ. ಹಾಲು ಬೆಣ್ಣೆ ಚೀಸು ಸೇರಿದ ಕಡೆ ಸ್ವಲ್ಪ ಹುಳಿ ಇಲ್ಲದಿದ್ದರೆ ನಾಲ್ಕನೇ ತುತ್ತಿಗೆ ಮುಖ ಕಟ್ಟುತ್ತದೆ.

ಈಗ ಸಾಸು. ದಪ್ಪ ತಳದ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆ ಕರಗಿಸಿ 50 ಗ್ರಾಂ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ನೊರೆ ಏಳಬೇಕು, ಬಣ್ಣ ತಿರುಗಬಾರದು. ಬಿಸಿ ಕೋಳಿ ನೀರನ್ನು ಮೂರು ಸಲಕ್ಕೆ ಹಾಕಿ, ಪ್ರತಿ ಸಲವೂ ತಂತಿಯ ಕಡೆಗೋಲಿನಿಂದ ಗಂಟಿಲ್ಲದಂತೆ ಕದಡಿ, ಆಮೇಲೆ ಹಾಲು. ಗಂಟಾದರೆ ಗಾಬರಿ ಬೇಡ, ಜರಡಿಯಲ್ಲಿ ಸೋಸಿದರಾಯಿತು. ಸಣ್ಣ ಕುದಿಯಲ್ಲಿ ಎಂಟು ಹತ್ತು ನಿಮಿಷ ಇರಲಿ. ಗಟ್ಟಿಯಾಯಿತು ಎಂದು ಎರಡೇ ನಿಮಿಷಕ್ಕೆ ಇಳಿಸಿದರೆ ಹಸಿ ಮೈದಾ ವಾಸನೆ ಉಳಿಯುತ್ತದೆ, ಓವನ್‌ನಲ್ಲೂ ಹೋಗುವುದಿಲ್ಲ. ಕೊನೆಗೆ ಕ್ರೀಮು, ಮೆಣಸು, ಜಾಯಿಕಾಯಿ. ಉರಿ ಆರಿಸಿ, ಒಂದು ನಿಮಿಷ ಬಿಟ್ಟು, 50 ಗ್ರಾಂ ಚೀಸು. ಕುದಿಯುವಾಗಲೇ ಚೀಸು ಹಾಕಿದರೆ ಎಣ್ಣೆ ಬೇರೆಯಾಗಿ ಸಾಸು ಮರಳು ಮರಳಾಗುತ್ತದೆ. ಉಪ್ಪು ಈಗ ನೋಡಿ, ಮೊದಲಲ್ಲ. ಕೋಳಿ ನೀರು ಇಂಗಿ ಉಪ್ಪಾಗಿರುತ್ತದೆ, ಪಾರ್ಮಜಾನಿನಲ್ಲೂ ಬೇಕಾದಷ್ಟಿದೆ.

ಲಜಾನಿಯಾ ಎಂಬ ಪದರ ಪಾಸ್ತಾಗೆ ಹಾಕುವ ಬಿಳಿ ಸಾಸಿನಲ್ಲಿ ಅರ್ಧ ಲೀಟರಿಗೆ 50 ಗ್ರಾಂ ಮೈದಾ ಇರುತ್ತದೆ. ಇಲ್ಲಿ ಕ್ರೀಮು ಸೇರಿ 950 ಎಂ.ಎಲ್.ಗೆ ಅಷ್ಟೇ ಮೈದಾ. ಪಾತ್ರೆಯಲ್ಲಿ ನೋಡಿದರೆ ಮಜ್ಜಿಗೆಹುಳಿಯಷ್ಟು ತೆಳ್ಳಗಿರುತ್ತದೆ, "ಇದು ನಿಲ್ಲುತ್ತದಾ" ಎನಿಸುತ್ತದೆ. ಎನಿಸಲೇಬೇಕು. ಸ್ಪಗೆಟಿಯನ್ನು ನಾವು ಅರೆಬೆಂದ ಹಾಗೆ ತೆಗೆದಿರುತ್ತೇವೆ, ಅದು ಓವನ್‌ನಲ್ಲಿ ಇನ್ನೂ 100ರಿಂದ 150 ಎಂ.ಎಲ್. ಹೀರುತ್ತದೆ. ಅದರ ಮೈಯ ಪಿಷ್ಟವೂ ಸಾಸಿಗಿಳಿದು ಗಟ್ಟಿಮಾಡುತ್ತದೆ. ಮೇಲ್ಮೈಯಿಂದ ಆವಿಯೂ ಹೋಗುತ್ತದೆ. ಒಲೆಯ ಮೇಲೆ ಸರಿಯಾಗಿ ಕಂಡ ಸಾಸು ಊಟದ ಹೊತ್ತಿಗೆ ಗೋಂದು. ಒಂದು ವೇಳೆ ತೆಳುವಾಗಿಯೇ ಉಳಿದರೂ ನಷ್ಟವಿಲ್ಲ, ಹತ್ತು ನಿಮಿಷ ಮೇಜಿನ ಮೇಲೆ ಬಿಟ್ಟರೆ ಬಿಗಿಯುತ್ತದೆ. ಗಟ್ಟಿಯಾದದ್ದನ್ನು ಆ ಹೊತ್ತಿಗೆ ಸರಿಮಾಡುವುದು ಕಷ್ಟ.

ಸ್ಪಗೆಟಿ ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ. ಡ್ಯೂರಂ ಗೋಧಿ ರವೆಯದ್ದೇ ಆಗಬೇಕು. ಮೈದಾ ಬೆರೆತದ್ದು ಎರಡು ಸಲ ಬೆಂದರೆ ಮುದ್ದೆಯಾಗುತ್ತದೆ. ಎರಡು ನಿಮಿಷದ ನೂಡಲ್ಸು ಬೇಡವೇ ಬೇಡ, ಅದು ಎಣ್ಣೆಯಲ್ಲಿ ಕರಿದದ್ದು. ಅಮೆರಿಕದಲ್ಲಿ ಅಗಲ ಪಟ್ಟಿಯ ಮೊಟ್ಟೆ ನೂಡಲ್ಸಿನಲ್ಲೂ ಮಾಡುತ್ತಾರೆ, ಅದು ಮೃದು, ಮಕ್ಕಳಿಗೆ ಇಷ್ಟ. ಆದರೆ 1908ರ ಪತ್ರಿಕೆಯಲ್ಲಿರುವುದು ಸ್ಪಗೆಟಿಯೇ. ಎರಡೂವರೆ ಲೀಟರ್ ಕುದಿಯುವ ನೀರಿಗೆ 25 ಗ್ರಾಂ ಉಪ್ಪು, ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಮೂರು ನಿಮಿಷ ಮೊದಲೇ ಬಸಿಯಿರಿ. ಕಚ್ಚಿದರೆ ನಡುವೆ ಬಿಳಿ ಚುಕ್ಕೆ ಕಾಣಬೇಕು. ಮೂರು ತುಂಡಾಗಿ ಮುರಿದೇ ಬೇಯಿಸಿ. ಇಟಲಿಯವರು ಬೈದುಕೊಳ್ಳುತ್ತಾರೆ, ಬೈಯಲಿ, ಇದು ಅವರ ಅಡುಗೆಯಲ್ಲ. ಉದ್ದ ಬಿಟ್ಟರೆ ಬಟ್ಟಲಿನಿಂದ ಚಮಚದಲ್ಲಿ ಬಡಿಸಲು ಆಗುವುದಿಲ್ಲ. ಬಸಿದ ಮೇಲೆ ತಣ್ಣೀರು ಸುರಿಯದೆ ನೇರ ಸಾಸಿಗೆ ಹಾಕಿ.

ಸ್ಪಗೆಟಿ, ಮಾಂಸ, ಅಣಬೆ, ಸಾಸು ಬೆರೆಸಿ, ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ. ಸಾಸು ಸ್ಪಗೆಟಿಯ ನಡುನಡುವೆ ನಿಂತು ಕಾಣಬೇಕು. ಕಾಣದಿದ್ದರೆ ಎತ್ತಿಟ್ಟ ಆ 100 ಎಂ.ಎಲ್. ನೀರು ಈಗ ಸುರಿಯಿರಿ. ಕರಗಿದ ಬೆಣ್ಣೆಯಲ್ಲಿ ಬ್ರೆಡ್ ಪುಡಿ, ಮಿಕ್ಕ 30 ಗ್ರಾಂ ಚೀಸು, ಬಾದಾಮಿ ಕಲಸಿ ಮೇಲೆ ಉದುರಿಸಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 190 ಡಿಗ್ರಿಗೆ ಇಪ್ಪತ್ತೈದರಿಂದ ಮೂವತ್ತು ನಿಮಿಷ. ಅಂಚಿನಲ್ಲಿ ಕುದಿ ಕಂಡು ಮೇಲೆ ಹೊಂಬಣ್ಣ ಬಂದರೆ ಸಾಕು. ಓಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರವಿರುತ್ತದೆ, ಬಾದಾಮಿ ಹತ್ತೇ ನಿಮಿಷಕ್ಕೆ ಕರಕಲಾಗುತ್ತದೆ. ಕೆಳಗಿನ ಹಂತದಲ್ಲಿಟ್ಟು ಮೊದಲ ಹದಿನೈದು ನಿಮಿಷ ಫಾಯಿಲ್ ಮುಚ್ಚಿ. ಬರೀ ಮೈಕ್ರೋವೇವ್ ಇರುವವರಿಗೆ ಪುಡಿ ಗರಿಯಾಗುವುದಿಲ್ಲ, ಅದನ್ನು ಬಾಣಲೆಯಲ್ಲಿ ಹುರಿದಿಟ್ಟುಕೊಂಡು ಬಡಿಸುವಾಗ ಮೇಲೆ ಹಾಕಿ. ಓವನ್ನೇ ಇಲ್ಲದವರಿಗೂ ಇದೇ ಉಪಾಯ. ಆದರೆ ಆಗ ಸ್ಪಗೆಟಿಯನ್ನು ಒಂದೇ ನಿಮಿಷ ಮೊದಲು ಬಸಿದು, ಸಾಸಿನಲ್ಲಿ ಒಲೆಯ ಮೇಲೆ ಮೂರು ನಾಲ್ಕು ನಿಮಿಷ ಕುದಿಸಬೇಕು.

ಮಾಂಸ ತಿನ್ನದವರ ವಿಷಯಕ್ಕೆ ಬರುತ್ತೇನೆ, ಈ ಸಭೆಯಲ್ಲಿ ಅದು ಬಿಡುವ ಹಾಗಿಲ್ಲ. ಅಣಬೆಯನ್ನು 600 ಗ್ರಾಮಿಗೆ ಏರಿಸಿ. ತೊಟ್ಟುಗಳನ್ನು ಬೇರೆ ತೆಗೆದು, ಒಂದು ಹಿಡಿ ಒಣ ಶಿಟಾಕೆ ಅಣಬೆ, ಈರುಳ್ಳಿ, ಕ್ಯಾರೆಟ್ ಜೊತೆ ಮುಕ್ಕಾಲು ಗಂಟೆ ಕುದಿಸಿದರೆ ಕೋಳಿ ನೀರಿನ ಜಾಗಕ್ಕೆ ಗಟ್ಟಿ ರುಚಿಯ ನೀರು ಸಿಗುತ್ತದೆ. ಪನೀರ್ ಹಾಕುವವರಿದ್ದಾರೆ. ನನ್ನ ಮತವಿಲ್ಲ, ಓವನ್‌ನಲ್ಲಿ ರಬ್ಬರಾಗುತ್ತದೆ, ಸಾಸಿಗೆ ಏನೂ ಕೊಡುವುದಿಲ್ಲ. ಬೇಕಿದ್ದರೆ ಹೂಕೋಸನ್ನು ಕಂದು ಚುಕ್ಕೆ ಬರುವವರೆಗೆ ಹುರಿದು ಹಾಕಿ. ಚೀಸಿನ ಬಗ್ಗೆ ಮಾತ್ರ ಗಮನವಿರಲಿ. ಇಟಲಿಯಿಂದ ಬರುವ ಅಸಲಿ ಪಾರ್ಮಜಾನಿನಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಹಾಗಾಗಿ ಅದು ಸಸ್ಯಾಹಾರವಲ್ಲ. ಇಲ್ಲಿ ಪಾರ್ಮಜಾನ್ ಮಾದರಿಯಲ್ಲೇ ಮಾಡಿದ ಗಟ್ಟಿ ಚೀಸು ಸಿಗುತ್ತದೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳಿ. ಕ್ಯೂಬ್ ಚೀಸು ಸಾಸಿನಲ್ಲಿ ಕರಗುತ್ತದೆ ನಿಜ, ಆದರೆ ಮೇಲೆ ಹಾಕಿದರೆ ಗರಿಯಾಗುವುದಿಲ್ಲ.

ಮುಂಚಿನ ದಿನವೇ ಮಾಡಿಡುವುದಾದರೆ ಸಾಸು, ಮಾಂಸ, ಅಣಬೆ ಕಲಸಿ ಫ್ರಿಜ್ಜಿನಲ್ಲಿಡಿ. ಸ್ಪಗೆಟಿಯನ್ನು ಆ ದಿನವೇ ಬೇಯಿಸಿ. ಎಲ್ಲ ಕಲಸಿಟ್ಟರೆ ರಾತ್ರಿಯಿಡೀ ಸಾಸು ಹೀರಿಕೊಂಡು ಇಟ್ಟಿಗೆಯಾಗಿರುತ್ತದೆ. ಕಲಸಿಯೇ ಇಟ್ಟುಬಿಟ್ಟಿದ್ದೀರಿ ಎನ್ನಿ, 150 ಎಂ.ಎಲ್. ಬಿಸಿ ಹಾಲು ಸುರಿದು ಸಡಿಲಿಸಿ, ಫಾಯಿಲ್ ಮುಚ್ಚಿ 180 ಡಿಗ್ರಿಗೆ ನಲವತ್ತು ನಿಮಿಷ ಇಟ್ಟು, ಕೊನೆಯ ಹತ್ತು ನಿಮಿಷಕ್ಕೆ ಫಾಯಿಲ್ ತೆಗೆದು ಆಗ ಬ್ರೆಡ್ ಪುಡಿ ಹಾಕಿ. ತಿಂದು ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾರನೆ ದಿನ ಬಾಣಲೆಯಲ್ಲಿ ಒಂದು ಸೌಟು ಹಾಲು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ನಡುವೆಯೂ ಹಬೆಯಾಡುವವರೆಗೆ ಬಿಸಿಮಾಡಿ. ಫ್ರೀಜರಿನಲ್ಲಿ ಇಡುವ ಆಸೆ ಬೇಡ. ಮೈದಾ ಸಾಸು ಕರಗುವಾಗ ನೀರು ಬಿಟ್ಟು ಒಡೆಯುತ್ತದೆ, ಸ್ಪಗೆಟಿಯೂ ಮೆತ್ತಗಾಗುತ್ತದೆ.